ಲೋಹ ಹುಡುಕುತ್ತಿದ್ದ ಪಕ್ಕದ ಮನೆಯ ಆಂಟಿ

ಹೆಡ್‌ಫೋನಿನ ಪಟ್ಟಿ ಒತ್ತಿ ಒತ್ತಿ ಆಂಟಿಯ ಬಿಳಿಗೂದಲಿನ ನಡುವೆ ಒಂದು ತಗ್ಗು ಬಿದ್ದಿತ್ತು. ನೀರು ಹಚ್ಚಿ ಬಾಚಿಕೊಂಡು ಚರ್ಚಿಗೆ ಹೊರಟಾಗಲೂ ಅದು ಹೋಗುತ್ತಿರಲಿಲ್ಲ. ಯಾರಾದರೂ ದಿಟ್ಟಿಸಿದರೆ, “ಎಂತ ನೋಡ್ತೀರಿ? ಕೆಲಸ ಮಾಡುವವರ ತಲೆ ಹೀಗೇ ಇರ್ತದೆ” ಎಂದುಬಿಡುತ್ತಿದ್ದರು.

ಸಮರ್‌ಸೆಟ್ಟಿನ ಟೌನ್‌ಹೌಸ್ ಸಾಲಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಬ್ಯಾಂಕುಗಳು ಒಂದರ ಹಿಂದೊಂದು ಮುಳುಗುತ್ತಿದ್ದ ಆ ಚಳಿಗಾಲದಲ್ಲಿ, ಟೆಲಿಫೋನ್ ಉಪಕರಣಗಳ ಕಂಪನಿಯಲ್ಲಿ ಸರ್ಕ್ಯೂಟ್ ಡಿಸೈನ್ ಮಾಡುತ್ತಿದ್ದ ನಾನು ಲೇ ಆಫ್ ಆದೆ. ಈ ದೇಶದಲ್ಲಿ ಉಳಿಯಬೇಕೆಂದರೆ ಹೆಂಡತಿಯ ವೀಸಾಕ್ಕೆ ಅಂಟಿಕೊಳ್ಳುವುದೊಂದೇ ದಾರಿ. ಅವಳು ಬೆಳಿಗ್ಗೆ ಬಾಸ್ಕಿಂಗ್ ರಿಡ್ಜ್‌ನ ಆಫೀಸಿಗೆ ಕಮ್ಯೂಟ್ ಮಾಡುತ್ತಿದ್ದಳು. ನಾನು ನನ್ನ ವೀಸಾ ಸ್ಪಾನ್ಸರ್ ಮಾಡುವ ಕಂಪನಿ ಹುಡುಕುತ್ತಾ ಮನೆಯಲ್ಲಿ ಕೂತಿರುತ್ತಿದ್ದೆ.

ಆಂಟಿ ಮಂಗಳೂರಿನ ಕಡೆಯವರು. ಅಲ್ಲಿ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟು, ಇಲ್ಲಿಗೆ ಬಂದ ಮೇಲೆ ಒಂದು ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅದೇ ಚಳಿಗಾಲದಲ್ಲಿ ಅವರನ್ನೂ ಮನೆಗೆ ಕಳಿಸಿದ್ದರು. ಮರುವಾರದಿಂದಲೇ ಅವರ ಗರಾಜಿನಿಂದ ಕೊಳಲು ಕೆಟ್ಟಂಥ ಒಂದು ಸದ್ದು ನಮ್ಮ ಗೋಡೆಗೆ ಬಡಿಯತೊಡಗಿತು.

ಕೇಳೋಣವೆಂದು ಹೋದರೆ, ಆಂಟಿ ದೊಡ್ಡ ಪಾತ್ರೆಯೊಂದಕ್ಕೆ ತಾಮ್ರದ ತಂತಿ ಸುತ್ತಿ ಸುರುಳಿ ಮಾಡುತ್ತಿದ್ದರು. ಮುಂದೆ ಹಳೇ ಹವ್ಯಾಸಿ ಪತ್ರಿಕೆಯ ಒಂದು ಪುಟ. ಅದರಲ್ಲಿ ಮೆಟಲ್ ಡಿಟೆಕ್ಟರಿನ ಸರ್ಕ್ಯೂಟ್.

“ಇದರಲ್ಲಿ ಎರಡು ಆಸಿಲೇಟರ್ ಉಂಟು” ಎಂದರು, ನಾನು ಪಿಯುಸಿ ಹುಡುಗನೆಂಬಂತೆ. “ಚರ್ಚಿನ ಕ್ವಾಯರಿನಲ್ಲಿ ಇಬ್ಬರು ಒಂದೇ ಸ್ವರವನ್ನು ಚೂರು ಹೆಚ್ಚುಕಮ್ಮಿ ಹಾಡಿದ್ರೆ ನಡುಗಿದ ಹಾಗೆ ಕೇಳ್ತದಲ್ಲ, ಅದೇ. ಸುರುಳಿಯ ಹತ್ತಿರ ಲೋಹ ಬಂದ್ರೆ ಒಬ್ಬರ ಸ್ವರ ಜಾರ್ತದೆ. ಆ ನಡುಕ ಬದಲಾಗ್ತದೆ.”

“ಗೊತ್ತು ಆಂಟಿ. ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರ್.”

“ಗೊತ್ತಿರುವುದು ಬೇರೆ, ಕೇಳುವುದು ಬೇರೆ” ಎಂದು ಹೆಡ್‌ಫೋನನ್ನು ನನ್ನ ಕಿವಿಗಿಟ್ಟರು. ನನಗೆ ಬರೀ ಗುಂಯ್ ಎಂಬ ಸದ್ದು ಕೇಳಿಸಿತು. ಅವರಿಗೆ ಅದರಲ್ಲಿ ಉಗುರಿನಷ್ಟು ತಾಮ್ರವೂ ಕೇಳಿಸುತ್ತಿತ್ತು. ನನ್ನ ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ.

ಆ ಚಳಿಗಾಲದುದ್ದಕ್ಕೂ ನಾನು ಅವರ ಗರಾಜಿಗೆ ಹೋಗುತ್ತಲೇ ಇದ್ದೆ, ಆಗೀಗ ತಂತಿ, ಪಾರ್ಟುಗಳನ್ನು ಬೆಸೆದು ಸೋಲ್ಡರ್ ಮಾಡಿಕೊಡುತ್ತಿದ್ದೆ, ಪ್ರತಿ ಸಲವೂ ಉರಿದುಕೊಂಡು ಬರುತ್ತಿದ್ದೆ. ಹಳೆಯ ಡಿಸೈನನ್ನು ಮೊದಲು ಇದ್ದ ಹಾಗೇ ಕಟ್ಟಬೇಕು ಎಂಬುದು ಅವರ ಹಠ. “ಅದರ ದೋಷ ಎಲ್ಲಿ ಉಂಟು ಅಂತ ನಿನಗೇ ತಿಳಿಯುವ ತನಕ ಕೈ ಹಾಕಬೇಡ. ಕೈ ಹಾಕಿದ ಮೇಲೆ ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಿಸು.” ನಾನೋ, ಒಂದೇ ಏಟಿಗೆ ಎಲ್ಲವನ್ನೂ ಬದಲಿಸಿ, ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯದೆ ಕಣ್ಣುಕಣ್ಣು ಬಿಡುವವನು. ಒಮ್ಮೆ ಹೊರಗಿನ ಅಡ್ಡಿ ತಡೆಯಲೆಂದು ಸುರುಳಿಗೆ ಅಲ್ಯೂಮಿನಿಯಂ ಹಾಳೆಯನ್ನು ಒಪ್ಪವಾಗಿ ಪೂರ್ತಿ ಸುತ್ತಿಕೊಟ್ಟೆ. ಯಂತ್ರ ಸತ್ತೇಹೋಯಿತು. ಆಂಟಿ ಬಿದ್ದುಬಿದ್ದು ನಕ್ಕರು. “ಒಂದು ಕಡೆ ಬಾಯಿ ಬಿಡಬೇಕು ಮಾರಾಯ! ಪೂರ್ತಿ ಮುಚ್ಚಿದ್ರೆ ಆ ಹಾಳೆಯೇ ಇನ್ನೊಂದು ಸುರುಳಿ ಆಗ್ತದೆ.” ಆ ಕತೆಯನ್ನು ಅವರು ಭಾನುವಾರ ಚರ್ಚಿನಲ್ಲಿಯೂ ಹೇಳಿದರೆಂದು ಆಮೇಲೆ ಗೊತ್ತಾಯಿತು.

ಹೆಚ್ಚು ಸುಟ್ಟದ್ದು ಅದಲ್ಲ. ಹೆಂಡತಿ ಆಫೀಸಿನಿಂದ ಬಂದವಳು ಮೊದಲು ಆಂಟಿಯ ಗರಾಜಿಗೆ ಹೋಗಿ, ಅಲ್ಲಿ ಚಹಾ ಕುಡಿದು, ನಗುನಗುತ್ತಾ ಮನೆಗೆ ಬರುತ್ತಿದ್ದಳು. ಒಳಗೆ ಕಾಲಿಟ್ಟು ನನ್ನನ್ನು ನೋಡಿದ ಕೂಡಲೇ ಆ ನಗು ಆರಿಹೋಗುತ್ತಿತ್ತು.

“ಆಂಟಿ ಕೆಲ್ಸಾನೂ ಹೋಗಿದೆ ಅಲ್ವಾ? ಅವ್ರ ಮುಖ ನೋಡು, ಹೆಂಗಿದೆ” ಎಂದಳು ಒಂದು ಸಂಜೆ.

“ಅವರು ಸಿಟಿಜನ್. ಅವರನ್ನ ಯಾರೂ ದೇಶ ಬಿಡು ಅನ್ನಲ್ಲ” ಎಂದೆ.

“ಅಷ್ಟೇ ಅಂತೀಯಾ?” ಎಂದು ಕೇಳಿ ಅವಳು ಬಟ್ಟೆ ಬದಲಿಸಲು ಹೋದಳು. ಅಷ್ಟೇ ಅಲ್ಲವೆಂದು ನನಗೂ ಗೊತ್ತಿತ್ತು. ಕೆಲಸ ಹೋದ ಮೇಲೆ ನಾನು ಯಾರೂ ಅಲ್ಲದವನಾಗಿದ್ದೆ. ಆಂಟಿ ಮಾತ್ರ ಮೊದಲಿಗಿಂತ ಹೆಚ್ಚು ಆಂಟಿಯಾಗಿದ್ದರು.

ಅವರಿಗೆ ಹೇಳದೆ ನಾನೂ ಒಂದು ಯಂತ್ರ ಕಟ್ಟತೊಡಗಿದೆ. ಅದೂ ಹಳೆಯದೊಂದು ಡಿಸೈನೇ, ಆದರೆ ಬೇರೆ ಜಾತಿಯದು. ಸುರುಳಿಗೆ ಒಂದು ಏಟು ಕರೆಂಟ್ ಕೊಟ್ಟು ತಟ್ಟನೆ ನಿಲ್ಲಿಸಿ, ನೆಲದಿಂದ ಮರಳಿ ಬರುವುದನ್ನು ಕೇಳುವಂಥದ್ದು. ಉಪ್ಪುನೀರು ಬೇಗ ಸುಮ್ಮನಾಗುತ್ತದೆ, ಲೋಹ ಇನ್ನೂ ಒಂದು ಕ್ಷಣ ಮಾತಾಡುತ್ತಿರುತ್ತದೆ. ಆ ನಡುವಿನ ಸಮಯವನ್ನು ಸರಿಮಾಡಲು ಬಹಳ ಒದ್ದಾಡಿದೆ. ಕೊನೆಗೆ ಆಂಟಿಯ ಮಾತಿನಂತೆ, ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಿಸಿದೆ. ಅವರ ಮಾತು ಕೇಳಿಯೇ ಅವರನ್ನು ಸೋಲಿಸಬೇಕಾಗಿ ಬಂದದ್ದು ಇನ್ನಷ್ಟು ಉರಿಸಿತು.

ಬೇಸಿಗೆಯಲ್ಲಿ ಆಂಟಿಯ ಚರ್ಚಿನವರು ಶೋರ್‌ಗೆ, ಸಮುದ್ರದಂಡೆಗೆ, ಪಿಕ್ನಿಕ್ ಹೊರಟರು. ನಮ್ಮನ್ನೂ ಕರೆದರು. ಆಂಟಿ ತಮ್ಮ ಯಂತ್ರವನ್ನು ಹೆಗಲಿಗೇರಿಸಿಕೊಂಡು ಬಂದರೆ, ನನ್ನದು ಕಾರಿನ ಟ್ರಂಕಿನಲ್ಲಿ ಬೀಚ್ ಟವೆಲಿನ ಕೆಳಗಿತ್ತು. ಮಧ್ಯಾಹ್ನ ನೀರಂಚಿನಲ್ಲಿ ಚೆಂಡಾಡುತ್ತಿದ್ದ ಹೊಸ ಮದುಮಗಳೊಬ್ಬಳ ಬೆರಳಿನಿಂದ ಉಂಗುರ ಜಾರಿತು. ಉಬ್ಬರದ ನೀರು ಮೇಲೇರುತ್ತಿತ್ತು. ಹುಡುಗಿ ಅಳುತ್ತಾ ಮರಳನ್ನು ಕೈಯಿಂದ ಬಗೆಯತೊಡಗಿದಳು.

“ಯಾರೂ ತುಳಿಯಬೇಡಿ, ಆಚೆ ಹೋಗಿ!” ಎಂದು ಆಂಟಿ ಮುಂದೆ ಬಂದರು. ಆದರೆ ಒದ್ದೆ ಮರಳಿನ ಮೇಲೆ ಅವರ ಯಂತ್ರ ಎಲ್ಲೆಲ್ಲೂ ಕಿರುಚಿತು. ಅವರು ಹೆಡ್‌ಫೋನನ್ನು ಒತ್ತಿಹಿಡಿದು, ಕಣ್ಣುಮುಚ್ಚಿ, ಮತ್ತೆ ಮತ್ತೆ ಕೇಳಿದರು. ಮುಖ ಕೆಂಪಾಯಿತು. ನಾನು ಕಾರಿಗೆ ಓಡಿದೆ.

ನನ್ನದು ಉಪ್ಪಿಗೆ ಸುಮ್ಮನಿತ್ತು. ಮೊದಲು ಬಿಯರ್ ಬಾಟಲಿಯ ಮುಚ್ಚಳವೊಂದು ಸಿಕ್ಕಿತು. ಆಮೇಲೆ ಒಂದು ಮೊಳೆ. ಪಾದ ನೆನೆಯುವ ಹೊತ್ತಿಗೆ ಮತ್ತೆ ಕೂಗಿತು. ಕೈಹಾಕಿದರೆ ಉಂಗುರ. ಎಲ್ಲರೂ ಚಪ್ಪಾಳೆ ತಟ್ಟಿದರು, ಹುಡುಗಿಯ ಅತ್ತೆ ನನ್ನ ಕೈ ಹಿಡಿದುಕೊಂಡರು. ಹೆಂಡತಿ ನನ್ನನ್ನು ನೋಡಿ ನಗುತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಆಂಟಿಯ ದನಿ: “ನನ್ನ ಸ್ಟೂಡೆಂಟ್! ಎಲ್ಲ ನಾನೇ ಕಲಿಸಿದ್ದು!” ಜನ ಅವರತ್ತ ತಿರುಗಿದರು. ಆ ಯಂತ್ರವನ್ನು ಸಮುದ್ರಕ್ಕೆ ಎಸೆಯಬೇಕೆನಿಸಿತು.

ವಾಪಸ್ ಬರುವಾಗ ಪಾರ್ಕ್‌ವೇ ಹೆದ್ದಾರಿಯಲ್ಲಿ ನಾನು ಕಾರನ್ನು ಬೇಕಾದ್ದಕ್ಕಿಂತ ಜೋರಾಗಿ ಓಡಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಹೆಂಡತಿ ನಿದ್ದೆಹೋಗಿದ್ದಳು. ಆಂಟಿ ಪಕ್ಕದಲ್ಲಿ ಕೂತಿದ್ದರು.

“ಕೋಪ ಬಂತಾ?” ಎಂದರು. “ನಾನು ಹಾಗೆ ಯಾಕೆ ಹೇಳಿದ್ದು ಗೊತ್ತುಂಟಾ? ಹೊಟ್ಟೆಕಿಚ್ಚು ಮಾರಾಯ.”

“ಯಾರ ಮೇಲೆ?”

“ನಿನ್ನ ಮೇಲೆ. ಮತ್ತ್ಯಾರ ಮೇಲೆ?” ಎಂದು ಬಲಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಬೆರಳುಗಳು ತಾವಾಗಿಯೇ ಅದುರುತ್ತಿದ್ದವು. “ಡಾಕ್ಟರ್ ಇದಕ್ಕೊಂದು ರೋಗದ ಹೆಸರು ಹೇಳಿದ್ದಾರೆ. ಇನ್ನು ಜಾಸ್ತಿಯೇ ಆಗುವುದಂತೆ. ನೀನು ಸೋಲ್ಡರ್ ಮಾಡುವಾಗ ನಿನ್ನ ಕೈ ನೋಡಿ ಉರಿದುಹೋಗ್ತಿದ್ದೆ ನಾನು. ಇಷ್ಟು ಒಳ್ಳೆ ಕೈ ಇಟ್ಟುಕೊಂಡು ಯಾವಾಗ ನೋಡಿದ್ರೂ ಸತ್ತವನ ಹಾಗೆ ಕೂತಿರ್ತಾನಲ್ಲ ಇವನು, ಅಂತ.”

ನಾನು ಮರುಕಪಡಬೇಕಿತ್ತು. ಪಟ್ಟೆ ಕೂಡ. ಆದರೆ ಅದಕ್ಕಿಂತ ಮೊದಲು ಆದದ್ದು ಸಂತೋಷ. ಆ ವರ್ಷವಿಡೀ ನನ್ನಲ್ಲಿ ಯಾರಾದರೂ ಆಸೆಪಡುವಂಥದ್ದು ಏನೋ ಉಳಿದಿದೆ ಎಂದು ನನಗೆ ಅನಿಸಿಯೇ ಇರಲಿಲ್ಲ.

ಮರುದಿನದಿಂದ ಅವರ ಗರಾಜಿನಲ್ಲಿ ಕೈ ನನ್ನದಾಯಿತು, ಕಿವಿ ಅವರದು. ಜಗಳ ಮಾತ್ರ ಇಬ್ಬರದೂ. ಹಳೆಯ ಡಿಸೈನುಗಳನ್ನು ಒಂದೊಂದಾಗಿ ಕಟ್ಟಿ, ಕೆಡಿಸಿ, ಸರಿಮಾಡಿದೆವು. ಬಿಸ್ಕತ್ತು, ಬ್ರೆಡ್ಡಿನ ಪ್ಯಾಕೆಟ್ಟುಗಳಲ್ಲಿ ಲೋಹದ ಚೂರು ಸೇರಿದೆಯೇ ಎಂದು ನೋಡುವ ಯಂತ್ರ ಮಾಡುವ ಸಣ್ಣ ಕಂಪನಿಯೊಂದು ನನ್ನನ್ನು ಸ್ಪಾನ್ಸರ್ ಮಾಡಿದ್ದು ಅದರ ಬಲದ ಮೇಲೆಯೇ. ಸುದ್ದಿ ಹೇಳಲು ಹೋದಾಗ ಆಂಟಿ, “ನನ್ನನ್ನು ಕರೆದಿದ್ರೆ ಇನ್ನೂ ಒಳ್ಳೇದು ಮಾಡಿಕೊಡ್ತಿದ್ದೆ” ಎಂದರು. ಆಮೇಲೆ ನನ್ನ ತಲೆ ಮುಟ್ಟಿ ಆಶೀರ್ವಾದ ಮಾಡಿದರು.

ನಾವು ಮನ್ರೋ ಊರಿಗೆ ಹೋಗಿ ಮನೆ ಮಾಡಿದ ಮೇಲೆ ಅವರು ತೀರಿಕೊಂಡರು. ಚರ್ಚು ತುಂಬಿ ಜನ ಹೊರಗೂ ನಿಂತಿದ್ದರು. ಆಸ್ಪತ್ರೆಯ ನರ್ಸುಗಳು, ಹೋಟೆಲಿನವರು, ನಾನು ಎಂದೂ ನೋಡದ ಮುಖಗಳು. ಪ್ರತಿಯೊಬ್ಬರಿಗೂ ಆಂಟಿ ಏನೋ ರಿಪೇರಿ ಮಾಡಿಕೊಟ್ಟಿದ್ದರು, ಪ್ರತಿಯೊಬ್ಬರನ್ನೂ ಬೈದಿದ್ದರು. “ಆಂಟಿಗೆ ನನ್ನ ಕಂಡ್ರೆ ತುಂಬಾ ಪ್ರೀತಿ” ಎಂದು ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತಾ ನನ್ನ ಹೆಂಡತಿಗೆ ಹೇಳುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ನಾನು, ಇರಲಿಕ್ಕಿಲ್ಲ, ನನ್ನ ಮೇಲಿದ್ದಷ್ಟು ಇರಲಿಕ್ಕಿಲ್ಲ, ಎಂದುಕೊಂಡೆ.