ಬೈಲಪ್ಪನ ಅಡಿಪಟ್ಟಿ

ಬೈಲಪ್ಪನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ವಯಸ್ಸಿನಲ್ಲಿ ಹಿರಿಯ, ಆದರೂ ‘ಅವರು’ ಎನ್ನಲು ನಾಲಿಗೆ ಏಳುವುದಿಲ್ಲ. ಚನ್ನಗಿರಿಯ ವಿರೂಪಾಕ್ಷಪ್ಪ ಸಾಹುಕಾರರ ವರ್ಕ್‌ಶಾಪಿನಲ್ಲಿ ಆರು ವರ್ಷ ಅಕ್ಕಪಕ್ಕ ನಿಂತು ಕೆಲಸ ಮಾಡಿದೆವು. ಒಂದು ದಿನವೂ ಅವನು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಹೊಸ ಮಿಷಿನ್ನು ಬಂದ ಮೇಲಂತೂ ನಾನು ಅವನ ಬಾಯಲ್ಲಿ ‘ಗುಂಡಿ ಒತ್ತೋನು’.

ಅವನು ಜಗಳೂರು ಕಡೆಯ ಬಿಳಿಚೋಡಿನವನು. ಹರಿಹರದ ಎರಕದ ಕಾರ್ಖಾನೆಯೊಂದರಲ್ಲಿ ಮರದ ಅಚ್ಚು ಕೆತ್ತಲು ಕಲಿತು, ಎಪ್ಪತ್ತೊಂದರಲ್ಲಿ ಚನ್ನಗಿರಿಗೆ ಬಂದಿದ್ದ. ಸಂಕ್ರಾಂತಿಯ ಸಕ್ಕರೆ ಅಚ್ಚಿನಿಂದ ಹಿಡಿದು ಪ್ಲಾಸ್ಟಿಕ್ ಡಬ್ಬಿಯ ಉಕ್ಕಿನ ಅಚ್ಚಿನವರೆಗೆ ಅವನ ಕೈಯಲ್ಲಿ ಆಗದ್ದಿಲ್ಲ. ಹಾಗೆ ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೂ ನಿಜ. ಅವನ ಹತ್ತಿರ ಒಂದು ಹಿತ್ತಾಳೆಯ ಅಡಿಪಟ್ಟಿ ಇತ್ತು. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಊಟಕ್ಕೆ ಹೋಗುವಾಗಲೂ ಬನಿಯನ್ನಿನೊಳಗೆ ಸಿಕ್ಕಿಸಿಕೊಂಡೇ ಹೋಗುತ್ತಿದ್ದ.

ಎಂಬತ್ತೇಳರಲ್ಲಿ ಸಾಹುಕಾರರು ಕಂಪ್ಯೂಟರ್ ಹೇಳಿದಂತೆ ಉಕ್ಕು ಕೊರೆಯುವ ಮಿಲ್ಲಿಂಗ್ ಮಿಷಿನ್ನು ತರಿಸಿದರು. ಬೆಂಗಳೂರಿನಲ್ಲಿ ಮೂರು ತಿಂಗಳಿದ್ದು ಅದನ್ನು ಕಲಿತು ಬಂದವನು ನಾನು. ಕಂಪ್ಯೂಟರಿಗೆ ಹಾಕುವ ಪ್ರೋಗ್ರಾಂ ಬೇರೆ ಕೊಳ್ಳಬೇಕಿತ್ತು. ಎರಡು ಕಂಪನಿಯವರು ಬಂದು ತೋರಿಸಿದರು. ಒಂದರದ್ದು ಬರೀ ಪ್ರಶ್ನೆ: ಪ್ಲಾಸ್ಟಿಕ್ ಯಾವುದು, ಆರಿದಾಗ ಎಷ್ಟು ಕುಗ್ಗುತ್ತದೆ, ಅಚ್ಚಿನ ಗೋಡೆ ಎಷ್ಟು ಓರೆ. ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ. ಇನ್ನೊಂದು ಏನೂ ಕೇಳದೆ ಡಬ್ಬಿಯ ಚಿತ್ರವನ್ನು ಪರದೆಯ ಮೇಲೆ ತಿರುಗಿಸಿ ತೋರಿಸಿತು.

ಬೈಲಪ್ಪ ಎರಡನ್ನೂ ನೋಡಿದ. “ಕೇಳಾದನ್ನ ತಗಳ್ರಿ ಸಾಹುಕಾರ್ರೇ,” ಎಂದ. “ಕೇಳದಂಗೆ ಕೊರಿಯಾಕೆ ಹೋದ್ರೆ ಕೆಡ್ತೈತೆ.”

ಅವನು ಹಾಗೆ ಅಂದನೆಂಬ ಒಂದೇ ಕಾರಣಕ್ಕೆ ನಾನು ಇನ್ನೊಂದನ್ನು ಹಿಡಿದೆ. ಇಂಗ್ಲಿಷಿನಲ್ಲಿ ನಾಲ್ಕು ಮಾತು ಉದುರಿಸಿದೆ. ಸಾಹುಕಾರರು ಓದಿದವನ ಮಾತು ಕೇಳಿದರು.

ಮೊದಲ ಕೆಲಸ ನಲ್ಲೂರಿನ ಗಿರಾಕಿಯೊಬ್ಬರ ಎಲೆ-ಅಡಿಕೆ ಡಬ್ಬಿ. ತಳದ ಅಚ್ಚು ಬೈಲಪ್ಪನ ಕೈಗೆ, ಮುಚ್ಚಳದ ಅಚ್ಚು ನನ್ನ ಮಿಷಿನ್ನಿಗೆ. ಡಬ್ಬಿ ತಯಾರಾಗಿ ಬಂದಾಗ ಮುಚ್ಚಳ ತಳದ ಮೇಲೆ ಕೂರಲಿಲ್ಲ, ಚಿಕ್ಕದಾಗಿತ್ತು. ಗಿರಾಕಿಯ ಎದುರೇ ಮುಖಭಂಗ. ತಪ್ಪು ಯಾರದೋ ಅವನಿಗೆ ಇವತ್ತೇ ಕೊನೆ ಎಂದ ಸಾಹುಕಾರರು, ಬೈಲಪ್ಪನ ಪಟ್ಟಿಯನ್ನು ಕಸಿದು ಆಫೀಸಿನ ಪಟ್ಟಿಯ ಪಕ್ಕಕ್ಕಿಟ್ಟರು. ಬೈಲಪ್ಪನದು ಒಂದೂವರೆ ನೂಲು, ಅಂದರೆ ಕಾಲು ಇಂಚಿಗೆ ತುಸು ಕಡಿಮೆ, ಉದ್ದವಿತ್ತು.

ಅವರದು ಮೂರು ತಲೆಮಾರಿನ ಅಡಿಕೆ ವ್ಯಾಪಾರದ ಮನೆ. ತೂಕ, ಅಳತೆಯಲ್ಲಿ ಮೋಸವೆಂದರೆ ಕೊಲೆಗಿಂತ ಕೀಳು. “ಕಳ್ಳ ಅಳತಿ ಇಟ್ಕಂಡು ಹದಿನಾರು ವರ್ಷ ನನ್ನ ಅನ್ನ ಉಂಡೆಯೇನಲೇ?” ಎಂದರು. ಡಬ್ಬಿಯನ್ನೇ ಅಳೆದಿದ್ದರೆ ತಳ ಸರಿಯಿರುವುದು ಗೊತ್ತಾಗುತ್ತಿತ್ತು. ಸಿಟ್ಟು ಬಂದವರು ಅಳೆಯುವುದಿಲ್ಲ.

ಬಿಸಿ ಪ್ಲಾಸ್ಟಿಕ್ ಆರಿದಾಗ ಕುಗ್ಗುತ್ತದೆ, ಅದಕ್ಕೇ ಅಚ್ಚು ಮಾಡುವವರ ಪಟ್ಟಿಯನ್ನು ಅಷ್ಟು ಉದ್ದ ಮಾಡಿರುತ್ತಾರೆ ಎಂದು ಬೈಲಪ್ಪ ಹೇಳಿದ. ಸಾಹುಕಾರರು ನನ್ನತ್ತ ತಿರುಗಿ, ಹೌದೇನು ಎಂದು ಕೇಳಿದರು. ಅಂಥ ಪಟ್ಟಿಯನ್ನು ಬೆಂಗಳೂರಿನ ಮೇಷ್ಟ್ರು ಮೊದಲ ವಾರವೇ ನಮಗೆ ತೋರಿಸಿದ್ದರು. ಕುಗ್ಗುವ ಲೆಕ್ಕ ಬಿಟ್ಟದ್ದು ನನ್ನ ಪ್ರೋಗ್ರಾಂ. ಅದು ಕೇಳಲಿಲ್ಲ, ನಾನೂ ಹಾಕಲಿಲ್ಲ.

“ಅಡಿ ಅಂದ್ರೆ ಅಡಿನೇ ಸಾಹುಕಾರ್ರೇ,” ಎಂದೆ.

ಬೈಲಪ್ಪ ನನ್ನ ಕಾಲ ಬಳಿ ಹೊಗೆಸೊಪ್ಪು ಉಗಿದು, ಪಟ್ಟಿಯನ್ನೂ ಬಿಟ್ಟು ಊರಿನ ದಾರಿ ಹಿಡಿದ. ಅಂದಿನಿಂದ ನಾನು ಕದ್ದುಮುಚ್ಚಿ ಅವನ ಪಟ್ಟಿಯಲ್ಲಿ ಗೆರೆ ಎಳೆದು, ಅದನ್ನು ಆಫೀಸಿನ ಪಟ್ಟಿಯಲ್ಲಿ ಅಳೆದು, ಬಂದದ್ದನ್ನು ಕಂಪ್ಯೂಟರಿಗೆ ತುಂಬತೊಡಗಿದೆ. ಮುಚ್ಚಳಗಳು ಟಕ್ಕನೆ ಕೂತವು. ಸಾಹುಕಾರರು ಬಂದವರಿಗೆಲ್ಲ ಪ್ರೋಗ್ರಾಮನ್ನು ಹೊಗಳಿದರು. ನನಗೆ ನಾಚಿಕೆಯಾಗುತ್ತಿತ್ತು, ಆ ನಾಚಿಕೆಗೂ ಬೈಲಪ್ಪನನ್ನೇ ಬೈಯುತ್ತಿದ್ದೆ.

ಎರಡು ವರ್ಷ ತಡೆದು, ಪಟ್ಟಿ ಹಿಡಿದು ಬಿಳಿಚೋಡಿಗೆ ಹೋದೆ. ಬೈಲಪ್ಪ ಜಗಲಿಯಲ್ಲಿ ಕೂತು ನೊಗ ಕೆತ್ತುತ್ತಿದ್ದ. ಕೂರು ಎನ್ನಲಿಲ್ಲ, ನೀರು ಕೊಡಲಿಲ್ಲ. ಪಟ್ಟಿ ತೆಗೆದುಕೊಂಡು, ಅಂಚು ಸವೆದಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡಿದ.

“ಸಾಹುಕಾರ್ರಿಗೆ ಹೇಳಿದೀಯಾ?”

ಇಲ್ಲ ಎಂದೆ.

ಪಟ್ಟಿಯನ್ನು ನನ್ನ ಕೈಗೇ ವಾಪಸು ಇಟ್ಟ.

“ಹೇಳಿ, ಆಮ್ಯಾಲೆ ತಗಂಡು ಬಾ, ಜಂಪಣ್ಣ.”

ಪಟ್ಟಿ ಇನ್ನೂ ನನ್ನ ಪೆಟ್ಟಿಗೆಯಲ್ಲೇ ಇದೆ.