ಕಿಸೆಯಲ್ಲಿ ಶೇಂಗಾ ಹಿಂಡಿಯ ಡಬ್ಬಿ

ಹೋಟೆಲಿನ ಬಾಗಿಲಲ್ಲೇ ನಿಂಬೆಯಂಥ ಮಜ್ಜಿಗೆ ಹುಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಅಂಗಿಯ ಕಿಸೆಗೆ ಹೋಯಿತು. ಡಬ್ಬಿ ಇತ್ತು. ಇಲ್ಲದೆ ಎಲ್ಲಿಗೆ ಹೋಗುತ್ತದೆ?

ನಮ್ಮ ಓಣಿಯಲ್ಲಿ, ಮೊದಲು ಹಿಟ್ಟಿನ ಗಿರಣಿಯಿದ್ದ ಜಾಗದಲ್ಲಿ, ಥಾಯ್ ಹೋಟೆಲ್ ಆಗಿದೆ. ರಾಯಚೂರಿಗೆ, ಸ್ವಾಮಿ, ಥಾಯ್ ಹೋಟೆಲ್! ಆರು ಟೇಬಲ್ಲು, ಒಂದು ಬಿದಿರಿನ ಪರದೆ, ಗೋಡೆಯ ಮೇಲೆ ಸಮುದ್ರದ ಚಿತ್ರ. ಮೇ ತಿಂಗಳಲ್ಲಿ ನೆರಳೂ ಬೆವರುವ ಊರಿನವರಿಗೆ ಸಮುದ್ರ ತೋರಿಸುವುದು ಹಿಂಸೆಯೇ ಸರಿ. ತಟ್ಟೆಯಲ್ಲಿ ಏನಿದೆಯೆಂದು ಕಾಣಬಾರದೆಂದೋ ಏನೋ, ದೀಪಗಳೂ ಮಂಕು. ಅನ್ನಕ್ಕೆ ತೆಂಗಿನ ಹಾಲಿನ ಸಾರು. ನಮ್ಮಲ್ಲಿ ಬಾಣಂತಿಗೂ ಇಷ್ಟು ಸಪ್ಪಗೆ ಬಡಿಸುವುದಿಲ್ಲ.

ನನ್ನ ಡಬ್ಬಿಯ ಕೀರ್ತಿ ನಿಮಗೆ ತಿಳಿದಿರಲಿಕ್ಕಿಲ್ಲ. ಮಾನ್ವಿಯಿಂದ ದೇವದುರ್ಗದವರೆಗೆ ಕೇಳಿ ನೋಡಿ. ಯಾರ ಮನೆಯ ಊಟವಾಗಲಿ, ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಉಸಿರು ಬಿಟ್ಟು, ಡಬ್ಬಿ ತೆಗೆದು ಎಲ್ಲರಿಗೂ ಕಾಣುವಂತೆ ಶೇಂಗಾ ಚಟ್ನಿಪುಡಿ ಉದುರಿಸಿಕೊಳ್ಳುತ್ತಿದ್ದೆ. ನಾವದನ್ನು ಹಿಂಡಿ ಎನ್ನುತ್ತೇವೆ. ಮಾತೇ ಬೇಕಿರಲಿಲ್ಲ. ಪಂಕ್ತಿಗೆ ಪಂಕ್ತಿಯೇ ನಗುತ್ತಿತ್ತು. ಅಡುಗೆ ಮಾಡಿದವರು ಒಳಗೆ ಹೋಗುತ್ತಿದ್ದರು. ಬೀಗರ ಮನೆಯ ಪಾಯಸವನ್ನೂ ನಾನು ಬಿಟ್ಟವನಲ್ಲ. ಇಂಥ ಕಲೆ ಎಲ್ಲರಿಗೂ ಒಲಿಯುವುದಿಲ್ಲ.

ದೇವದುರ್ಗದಲ್ಲಿ ನಾನು ಮಾಸ್ತರನಾಗಿದ್ದಾಗ ಅರಕೇರಾದ ನಾಗಮ್ಮ ಬಂದು ಖಾನಾವಳಿ ತೆರೆದಳು. ಮೊದಲ ದಿನ ನಾವು ಹತ್ತು ಮಂದಿ ಮಾಸ್ತರರು ಸಾಲಾಗಿ ಕೂತಿದ್ದೆವು. ಆಕೆ ಬಾಗಿಲಲ್ಲಿ ನಿಂತು, ಸೆರಗಿಗೆ ಕೈ ಒರೆಸುತ್ತ ಕೇಳಿದಳು:

"ಹ್ಯಾಂಗದ್ರೀ ಮಾಸ್ತರ, ಬದನಿಕಾಯಿ ಪಲ್ಯ?"

ನಾನು ಡಬ್ಬಿ ತೆಗೆದೆ.

ಪಲ್ಯ ಚೆನ್ನಾಗಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮರುದಿನ ಹತ್ತೂ ಮಂದಿಯ ಕಿಸೆಯಲ್ಲಿ ಡಬ್ಬಿ! ಆಮೇಲೆ ಎರಡು ವರ್ಷ ನಾಗಮ್ಮ ನನಗೆ ಹೊಟ್ಟೆ ತುಂಬ ಬಡಿಸಿದಳು. ಹ್ಯಾಂಗದ ಎಂದು ಮಾತ್ರ ಮತ್ತೆ ಒಂದು ದಿನವೂ ಕೇಳಲಿಲ್ಲ.

ಈ ಥಾಯ್ ಹೋಟೆಲ್ ಆಕೆಯ ಮಗಳು ಸುಜಾತಾಳದು. ಹೈದರಾಬಾದಿನಲ್ಲಿ ಈ ಅಡುಗೆ ಕಲಿತು ಬಂದಿದ್ದಾಳೆ. ನಾನು ಬರುವಾಗ ಪರದೆಯ ಹಿಂದೆ ಏನೋ ಕುಟ್ಟುವ ಸದ್ದಿತ್ತು. ಕುರ್ಚಿ ಎಳೆದು "ನೀರು ಕೊಡವಾ" ಎಂದೆ, ಸದ್ದು ನಿಂತಿತು.

"ಅವ್ವ ಶೇಂಗಾ ಕುಟ್ಟಾಕತ್ತಿದ್ಳು ಸರ್," ಎಂದಳು ಸುಜಾತಾ. "ನಿಮ್ಮ ದನಿ ಕೇಳಿ ನಿಲ್ಲಿಸ್ಯಾಳ."

ಶಾವಿಗೆಯಂಥದ್ದೊಂದು ತಟ್ಟೆಯಲ್ಲಿ ಬಂತು. ಎದುರಿಗೆ ಕೂತ ಗೆಳೆಯ ಶರಣಪ್ಪ ನನ್ನ ಕಿಸೆಯನ್ನೇ ನೋಡುತ್ತಿದ್ದ.

"ತೆಗಿಲೇ, ತೆಗಿ! ಅದಕ್ಕಂತನ ಬಂದೀನಿ ನಾ."

ತೆಗೆದೆ. ಮೇಜಿನ ಮೇಲೆ ಸದ್ದಾಗುವಂತೆ ಇಟ್ಟೆ. ಸುಜಾತಾ ಒಳಗೆ ಓಡಲಿಲ್ಲ. ನಾಲ್ಕು ಬಟ್ಟಲಿನ ತಟ್ಟೆಯೊಂದನ್ನು ತಂದು ಡಬ್ಬಿಯ ಪಕ್ಕದಲ್ಲೇ ಇಟ್ಟಳು. ಖಾರದ ಪುಡಿ, ಸಕ್ಕರೆ, ಮೆಣಸಿನಕಾಯಿ ನೆನೆಸಿದ ಹುಳಿ, ಕುಟ್ಟಿದ ಶೇಂಗಾ.

"ಅವರ ದೇಶದಾಗ ಎಲ್ಲಾರೂ ಹಿಂಗ ತಮಗ ಬೇಕಾದ್ದು ಹಾಕ್ಕೊಂಡ ಉಣ್ತಾರ್ರೀ. ಮಾಡಿದವ್ರು ಏನೂ ಅನ್ಕೊಳ್ಳಂಗಿಲ್ಲ. ಹಾಕ್ಕೋರಿ ಸರ್."

ಯಾರೂ ನಗಲಿಲ್ಲ. ನಾನು ಜೀವಮಾನವಿಡೀ ಸಾಧಿಸಿದ ಕಲೆ ಇಡೀ ಒಂದು ದೇಶಕ್ಕೆ ದಿನದ ರೂಢಿಯಂತೆ! ಅಂಥ ದೇಶದ ಮೇಲೆ ನನಗೆ ಮರ್ಯಾದೆ ಎಲ್ಲಿಂದ ಬರಬೇಕು?

ಆದರೆ ಪರದೆಯ ಹಿಂದೆ ಇನ್ನೂ ಸದ್ದಿರಲಿಲ್ಲ. ಹ್ಯಾಂಗದ ಎಂದು ನಾಗಮ್ಮ ಈಗಲೂ ಕೇಳುವುದಿಲ್ಲ, ನನಗೆ ಗೊತ್ತು. ಡಬ್ಬಿ ಮುಚ್ಚಿದೆ. ಬಟ್ಟಲುಗಳನ್ನೂ ಮುಟ್ಟಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಹಾಗೆಯೇ ತಿಂದೆ. ಸಿಹಿ, ಹುಳಿ, ಹಿಂದಿನಿಂದ ಸಣ್ಣಗೆ ಖಾರ. ಬೈಯಲು ಏನಾದರೂ ಸಿಗುತ್ತದೆಯೇ ಎಂದು ತಟ್ಟೆಯ ತಳದವರೆಗೆ ಹುಡುಕಿದೆ.

"ಯವ್ವಾ ನಾಗಮ್ಮಾ," ಎಂದು ಪರದೆಯ ಕಡೆ ಕೂಗಿದೆ. "ಛಲೋ ಅದ. ಅವತ್ತಿನ ಬದನಿಕಾಯಿ ಪಲ್ಯಾನೂ ಛಲೋ ಇತ್ತು."

"ಅಷ್ಟ ಹೇಳಾಕ ಮುದುಕ ಆಗಬೇಕಾತೇನ್ರೀ ಮಾಸ್ತರ?" ಒಳಗಿನಿಂದ ಬಂತು.

ಆರೂ ಟೇಬಲ್ಲು ನಕ್ಕವು. ಶರಣಪ್ಪನಂತೂ ಮೇಜು ಬಡಿದು ನಕ್ಕ. ಅವರು ಇನ್ನೂ ನಗುತ್ತಿರುವಾಗಲೇ ಪರದೆಯ ಹಿಂದೆ ಕುಟ್ಟುವ ಸದ್ದು ಮತ್ತೆ ಶುರುವಾಯಿತು.