ಆಚೆಗೆ ಬಂದ ಅಡುಗೆಮನೆ

ನಮ್ಮ ಶರೀರಕ್ಕೆ ಕ್ಯಾಲೆಂಡರ್ ಓದಲು ಬರುತ್ತದೆ ಎಂಬುದು ನನ್ನ ಬಹುಕಾಲದ ಅನುಮಾನ. ವರ್ಷವಿಡೀ ಸೀಮೆಸುಣ್ಣದ ಧೂಳು ಕುಡಿದು, ತುಮಕೂರು–ಗುಬ್ಬಿ ಬಸ್ಸಿನ ಮುಚ್ಚಲಾಗದ ಕಿಟಕಿಯ ಪಕ್ಕ ಕುಳಿತು ಚಳಿಗಾಳಿ ತಿಂದು, ಒಂದು ಸೀನೂ ಸೀನದೆ ದುಡಿಯುವ ಈ ದೇಹವು ರಜೆಯ ಮೊದಲ ಬೆಳಗನ್ನೇ ಕಾಯುತ್ತಿದ್ದಂತೆ ಗಂಟಲು ಕೆರೆಸಿಕೊಂಡು ಎದ್ದು ಕೂರುತ್ತದೆ. ನನ್ನ ಸಹೋದ್ಯೋಗಿಗಳ ಪಾಡೂ ಇದೇ. ನಮ್ಮ ಇತಿಹಾಸದ ಮೇಷ್ಟರಿಗೆ ದಸರೆ ಬಂತೆಂದರೆ ಸೊಂಟ ಹಿಡಿಯುತ್ತದೆ. ಗಣಿತದವರಿಗೆ ಬೇಸಿಗೆ ರಜೆಯೆಂದರೆ ಹಲ್ಲುನೋವು. ಪ್ರಿನ್ಸಿಪಾಲರೊಬ್ಬರಿಗೆ ಮಾತ್ರ ರಜೆಯಲ್ಲಿ ಆರೋಗ್ಯ ಸುಧಾರಿಸುತ್ತದೆ. ಏಕೆಂದರೆ ಅವರಿಗಿರುವ ಕಾಯಿಲೆ ನಾವೇ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಗುಬ್ಬಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಮನೆ ತುಮಕೂರಿನಲ್ಲಿ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ಕರಗಿ, ಡಿಸೆಂಬರಿನ ಕೊನೆಯಲ್ಲಿ ಮೂರು ದಿನದ ಬಿಡುವು ಸಿಕ್ಕಿತು. ಅನುಕೂಲಸ್ಥರು ಇಂಥ ಹೊತ್ತಿನಲ್ಲಿ ಊಟಿಗೆ ಹೋಗುತ್ತಾರೆ, ಗೋವೆಗೆ ಹೋಗುತ್ತಾರೆ. ನಾನು ಬಹಳ ಯೋಚಿಸಿ ಮಾರ್ಕೋನಹಳ್ಳಿ ಡ್ಯಾಮಿಗೆ ಹೋಗುವುದೆಂದು ನಿಶ್ಚಯಿಸಿದೆ. ಜಿಲ್ಲೆಯ ಗಡಿಯನ್ನೇ ದಾಟದ ಈ ದಿಗ್ವಿಜಯವನ್ನು ಕೇಳಿ ನನ್ನ ಹೆಂಡತಿ ಸುಮಿತ್ರ ನಗಲಿಲ್ಲ. ಮದುವೆಯಾದ ಮೇಲೆ ನೆಂಟರ ಮನೆಯಲ್ಲದ ಜಾಗಕ್ಕೆ ನಾವಿಬ್ಬರೂ ಹೊರಟಿದ್ದು ಇದೇ ಮೊದಲಾದ್ದರಿಂದ ಅವಳಿಗೆ ಅದೇ ಕಾಶ್ಮೀರವಾಗಿತ್ತು. ಡ್ಯಾಮಿನ ಪಕ್ಕದ ಬಂಗಲೆಯಲ್ಲಿ ಒಂದು ಕೋಣೆ ಹಿಡಿದಿದ್ದಾಯಿತು. ದಪ್ಪನೆಯ ಪುಸ್ತಕವೊಂದನ್ನು ಚೀಲಕ್ಕೆ ಹಾಕಿಕೊಂಡಿದ್ದೂ ಆಯಿತು.

ಜೊತೆಗೆ ದೊಡ್ಡಕ್ಕನನ್ನೂ ಕರೆದೆವು. ಭಾವ ತೀರಿಹೋದ ಮೇಲೆ ಅವಳು ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬಳೇ ಇದ್ದು, ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ನನ್ನನ್ನೂ ಚಿಕ್ಕಕ್ಕ ಕಮಲಳನ್ನೂ ಸಾಕಿದವಳು ಇವಳೇ. ಚಿಕ್ಕಕ್ಕನ ಜಡೆ ಹೆಣೆದವಳು, ಅವಳಿಗೆ ಗಂಡು ಹುಡುಕಿದವಳು, ಧಾರೆಯ ದಿನ ತಾಯಿಯ ಜಾಗದಲ್ಲಿ ನಿಂತು ಅತ್ತವಳು, ಎಲ್ಲ ದೊಡ್ಡಕ್ಕನೇ. ಅಂಥ ದೊಡ್ಡಕ್ಕನಿಗೂ ಚಿಕ್ಕಕ್ಕನಿಗೂ ಮಾತು ನಿಂತು ಹಲವು ವರ್ಷಗಳಾಗಿದ್ದವು.

ಕಾರಣ ಕೇಳಿದರೆ ನೀವು ನಗುತ್ತೀರಿ. ಆಗ ನಾನೂ ನಕ್ಕಿದ್ದೆ. ಕುಣಿಗಲ್ಲಿನಲ್ಲಿ ಚಿಕ್ಕಕ್ಕ ಮನೆ ಕಟ್ಟಿಸಿದಳು. ಗೃಹಪ್ರವೇಶದ ದಿನ ದೊಡ್ಡಕ್ಕ ಹೊಸ ಮನೆಯನ್ನೆಲ್ಲ ಸುತ್ತಿ, ಅಡುಗೆಮನೆಯ ಕಿಟಕಿ ಚಿಕ್ಕದಾಯಿತು, ಒಲೆಕಟ್ಟೆ ಎತ್ತರವಾಯಿತು, ಬಚ್ಚಲ ನೀರು ಹೊರಗೆ ಹರಿಯುವುದಿಲ್ಲ ಎಂದು ಒಂದೊಂದಾಗಿ ಘೋಷಿಸತೊಡಗಿದಳು. ಚಿಕ್ಕಕ್ಕ ತನ್ನ ಅತ್ತೆ, ನಾದಿನಿಯರೆಲ್ಲ ತುಂಬಿದ ನಡುಮನೆಯಲ್ಲಿ, "ನೀನು ಸುಮ್ನಿರಕ್ಕ, ನಿಂಗೊತ್ತಾಗಲ್ಲ" ಎಂದುಬಿಟ್ಟಳು. ದೊಡ್ಡಕ್ಕ ಸುಮ್ಮನಾದಳು. ಊಟ ಮಾಡದೆ ಹೊರಟಳು. ಅಂದಿನಿಂದ ಚಿಕ್ಕಕ್ಕನ ವಿಷಯಕ್ಕೆ ಸುಮ್ಮನೆಯೇ ಇದ್ದಳು. ಚಿಕ್ಕಕ್ಕನಾದರೂ ಬಂದು ಒಂದು ಮಾತು ಹೇಳಬಹುದಿತ್ತು. "ಮಗು ಥರ ಮುನಿಸ್ಕೊಂಡ್ರೆ ನಾನೇನ್ ಮಾಡ್ಲಿ?" ಎಂದು ಅವಳೂ ಬಿಗಿಯಾಗಿ ಕೂತಳು. ವ್ಯಾಕರಣದಲ್ಲಿ ಎರಡು ಪದಗಳನ್ನು ಕೂಡಿಸುವ ಅವ್ಯಯವೊಂದಿರುತ್ತದಲ್ಲ, ಸ್ವಂತ ಅರ್ಥವಿಲ್ಲದ್ದು, ಅದರ ಕೆಲಸ ನನ್ನ ಪಾಲಿಗೆ ಬಂತು. ಆದರೆ ನಾನು ಯಾರನ್ನೂ ಕೂಡಿಸಲಿಲ್ಲ.

ಮಾರ್ಕೋನಹಳ್ಳಿಗೆ ಹೋಗಬೇಕಾದರೆ ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಬೇಕು. ಇದು ದೊಡ್ಡಕ್ಕನಿಗೂ ಗೊತ್ತಿತ್ತು.

"ಬಸ್ ಸ್ಟ್ಯಾಂಡಿಂದ ಆಚೆ ಕಾಲಿಡಾಕಿಲ್ಲ ನಾನು, ಈಗ್ಲೇ ಹೇಳಿವ್ನಿ" ಎಂದಳು.

"ಯಾರು ಇಡು ಅಂದ್ರು? ಇಳಿದು ಹತ್ತೋದಷ್ಟೇ" ಎಂದೆ.

ಹೊರಟ ಬೆಳಿಗ್ಗೆಯೇ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿತ್ತು. ಹೆಬ್ಬೂರು ಬರುವಷ್ಟರಲ್ಲಿ ಮೈ ನಡುಗತೊಡಗಿತು. ಹೆಂಗಸರಿಬ್ಬರೂ ಮುಂದಿನ ಸೀಟಿನಲ್ಲಿ ಕುಳಿತು ಚಕ್ಕುಲಿ ತಿನ್ನುತ್ತಿದ್ದುದರಿಂದ ನನ್ನ ನಡುಕ ಅವರ ಗಮನಕ್ಕೆ ಬರಲಿಲ್ಲ. ನಾನೂ ಅದು ಬಸ್ಸಿನದೇ ನಡುಕವೆಂದು ನನ್ನನ್ನೇ ನಂಬಿಸಿಕೊಂಡೆ. ಕುಣಿಗಲ್ಲಿನಲ್ಲಿ ಇಳಿದಾಗ ಬಸ್ಸು ನಿಂತಿತು, ನಡುಕ ನಿಲ್ಲಲಿಲ್ಲ. ಚೀಲ ಎತ್ತಿಕೊಳ್ಳಲು ಬಗ್ಗಿದವನು ಹಾಗೆಯೇ ಕುಸಿದು ಕುಳಿತೆ.

ದೊಡ್ಡಕ್ಕ ಹಣೆ ಮುಟ್ಟಿ ನೋಡಿ, "ಅಯ್ಯೋ, ಕೆಂಡ ಆಗೈತಲ್ಲೇ ಸುಮಿತ್ರ!" ಎಂದಳು.

ಸುಮಿತ್ರ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಸ್ಟ್ಯಾಂಡಿನ ಎದುರಿನ ಟೆಲಿಫೋನ್ ಬೂತಿಗೆ ಹೋಗಿ ಚಿಕ್ಕಕ್ಕನ ಮನೆಗೆ ಫೋನು ಮಾಡಿದಳು. ಸ್ವಲ್ಪ ಹೊತ್ತಿಗೆ ಚಿಕ್ಕಕ್ಕನ ಗಂಡ ರಂಗಸ್ವಾಮಿ ಭಾವ ಆಟೋ ತಂದರು. ನನ್ನನ್ನು ಎತ್ತಿ ಕೂರಿಸಿದರು. ದೊಡ್ಡಕ್ಕ ಆಟೋ ನೋಡಿದಳು, ನನ್ನನ್ನು ನೋಡಿದಳು, ಮಾರ್ಕೋನಹಳ್ಳಿಯ ಬಸ್ಸು ನಿಲ್ಲುವ ಜಾಗವನ್ನು ನೋಡಿದಳು. ಕೊನೆಗೆ ಹತ್ತಿ ನನ್ನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

ಆದರೆ ಮನೆಯ ಮುಂದೆ ಇಳಿದ ಮೇಲೆ ಅವಳ ಸಹಾಯ ಜಗುಲಿಯವರೆಗೆ ಮಾತ್ರ. ನನ್ನನ್ನು ಹೊಸಿಲಿನ ತನಕ ಹಿಡಿದು ತಂದು, ಭಾವನ ಕೈಗೆ ಒಪ್ಪಿಸಿ, ತಾನು ಹೊರಗೇ ಕುಳಿತಳು.

"ಒಳಗೆ ಬನ್ನಿ ಅತ್ತಿಗೆ" ಎಂದರು ಭಾವ.

"ಇಲ್ಲೇ ಚೆನ್ನಾಗೈತೆ. ಬಿಸಿಲು ಬೀಳ್ತೈತೆ."

ಬಿಸಿಲೇನೋ ಬೀಳುತ್ತಿತ್ತು, ಎದುರು ಮನೆಯ ಗೋಡೆಯ ಮೇಲೆ.

ನನ್ನನ್ನು ಮಲಗಿಸಿದ ಕೋಣೆಯ ಕಿಟಕಿ ಜಗುಲಿಗೇ ತೆರೆಯುತ್ತಿತ್ತು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಹೆದರುವಂಥದ್ದೇನಲ್ಲ, ಮಲಗಿದ್ದರೆ ಸರಿಹೋಗುತ್ತದೆ ಎಂದು ಹೇಳಿ ಹೋದರು. ಎರಡು ಕಂಬಳಿಗಳ ಕೆಳಗೆ ಮಲಗಿ, ನೀರ ಮೇಲಿನ ಗಾಳಿಯನ್ನು ಸೇವಿಸಬೇಕಾದವನು ವಿಕ್ಸ್ ವಾಸನೆ ಸೇವಿಸುತ್ತಾ, ನಾನು ನನ್ನ ರಜೆಯನ್ನು ಆರಂಭಿಸಿದೆ.

ಕಿಟಕಿಯ ಆಚೆಯಿಂದ ದೊಡ್ಡಕ್ಕನ ಧ್ವನಿ ಬಂತು. "ಸುಮಿತ್ರ, ಕಷಾಯಕ್ಕೆ ಮೆಣಸು ಜಾಸ್ತಿ ಹಾಕ್ಬೇಕು ಅಂತ ಹೇಳು. ಅವನಿಗೆ ಚಿಕ್ಕಂದಿನಿಂದ್ಲೂ ಹಂಗೇ ಹಾಕೋದು."

ಸುಮಿತ್ರ ಅಡುಗೆಮನೆಗೆ ಹೋಗಿ ಹೇಳಿದಳು. ಒಳಗಿನಿಂದ ಚಿಕ್ಕಕ್ಕನ ಧ್ವನಿ: "ನಂಗೂ ಅವ್ನು ತಮ್ಮಾನೇ, ಗೊತ್ತಿದೆ ಅಂತ ಹೇಳು."

ಸುಮಿತ್ರ ಹೊರಗೆ ಹೋದಳು. "ಗೊತ್ತಿದೆಯಂತೆ ಅತ್ತಿಗೆ."

"ಗೊತ್ತಿದ್ರೆ ಸರಿ. ಜೀರಿಗೆ ಹುರಿದು ಹಾಕಿದಾರಾ ಕೇಳು."

ಹೀಗೆ ಮಧ್ಯಾಹ್ನದ ತನಕ ನಡೆಯಿತು. ಊಟದ ತಟ್ಟೆ ಸುಮಿತ್ರಳ ಕೈಯಲ್ಲಿ ಜಗುಲಿಗೆ ಹೋಯಿತು. ಹಸಿವಿಲ್ಲ ಎಂಬ ಸಮಾಚಾರದೊಡನೆ ಹಿಂದಿರುಗಿತು. ಆ ತಟ್ಟೆಯನ್ನು ಇಸಿದುಕೊಂಡ ಚಿಕ್ಕಕ್ಕ ಅಡುಗೆಮನೆಯಲ್ಲಿ ಪಾತ್ರೆಯೊಂದನ್ನು ಕುಕ್ಕಿದ ಸದ್ದು ನನಗೆ ಕೇಳಿಸಿತು. ಅದು ಸಿಟ್ಟಿನ ಸದ್ದಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ನನಗೆ ಮಾತ್ರೆ ಕೊಡಲು ಬಂದಾಗ ಕಣ್ಣು ಕೆಂಪಗಿದ್ದವು.

"ಈಗ್ಲೂ ಉಣ್ಣಲಿಲ್ಲ ನೋಡೋ" ಎಂದಳು. "ನನ್ ಮನೆ ಅನ್ನ ಅಷ್ಟು ಬೇಡವಾಯ್ತಾ ಅವಳಿಗೆ?"

ಅವಳು ಕೊಟ್ಟ ಮಾತ್ರೆಯನ್ನು ನುಂಗಿದೆ. ಹುಣಿಸೆಬೀಜದಷ್ಟು ಸಣ್ಣದೆಂದು ನಾನು ನಕ್ಕಿದ್ದ ಜಗಳ, ಹತ್ತಿರದಿಂದ ನೋಡಿದರೆ, ಇಬ್ಬರ ಗಂಟಲಲ್ಲೂ ಅಷ್ಟು ಕಾಲ ಇಳಿಯದೆ ನಿಂತಿತ್ತು.

ನಾಲ್ಕು ಗಂಟೆಯ ಹೊತ್ತಿಗೆ ಸುಮಿತ್ರ ತನ್ನ ರಾಯಭಾರಕ್ಕೆ ರಾಜೀನಾಮೆ ಕೊಟ್ಟಳು. "ನಾನೂ ರಜಕ್ಕೆ ಅಂತಾನೇ ಬಂದಿರೋದು" ಎಂದು ಗಟ್ಟಿಯಾಗಿ, ಒಳಗೂ ಹೊರಗೂ ಕೇಳಿಸುವಂತೆ ಹೇಳಿ, ನನ್ನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿದಳು. ನಿಜವಾಗಿ ನಿದ್ದೆ ಮಾಡಿದಳೋ ಇಲ್ಲವೋ ಎಂಬುದನ್ನು ಇಂದಿಗೂ ಹೇಳಿಲ್ಲ.

ಸಂದೇಶವಾಹಕರಿಲ್ಲದ ಮೇಲೆ ಮನೆ ನಿಶ್ಶಬ್ದವಾಯಿತು. ಬಿಸಿಲು ಎದುರು ಗೋಡೆಯಿಂದಲೂ ಇಳಿಯಿತು. ಗಾಳಿ ಎದ್ದಿತು. ಕಿಟಕಿಯಿಂದ ನೋಡಿದೆ, ದೊಡ್ಡಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮೊಣಕಾಲು ಅಪ್ಪಿ ಕುಳಿತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ಯಾರ ಹೆಸರನ್ನೂ ಹಿಡಿಯದೆ, ಗಾಳಿಗೆ ಹೇಳುವಂತೆ, "ಅವನಿಗೆ ಗಂಜಿ ಕಾಯಿಸಿದಾರೋ ಇಲ್ವೋ" ಎಂದಳು.

ಉತ್ತರದ ಬದಲಿಗೆ ಒಳಗಿನಿಂದ ಚಿಕ್ಕಕ್ಕನೇ ಬಂದಳು. ಒಂದು ಕೈಯಲ್ಲಿ ಸೀಮೆಎಣ್ಣೆ ಸ್ಟೌ, ಇನ್ನೊಂದು ಕೈಯಲ್ಲಿ ಪಾತ್ರೆ. ಜಗುಲಿಯ ಮೇಲೆ ಇಟ್ಟಳು. ಮತ್ತೆ ಒಳಗೆ ಹೋಗಿ ಅಕ್ಕಿನುಚ್ಚು, ಉಪ್ಪಿನ ಡಬ್ಬಿ, ನೀರಿನ ತಂಬಿಗೆ, ಸೌಟು, ಎರಡು ಮಣೆ ತಂದಳು. ಒಂದು ಮಣೆಯನ್ನು ದೊಡ್ಡಕ್ಕನ ಕಡೆ ತಳ್ಳಿದಳು. ಇನ್ನೊಂದರ ಮೇಲೆ ಕುಳಿತು ಸ್ಟೌ ಹೊತ್ತಿಸಲು ಕಡ್ಡಿ ಗೀರಿದಳು. ಗಾಳಿಗೆ ಆರಿತು. ಇನ್ನೊಂದು ಗೀರಿದಳು.

"ನೀನು ಒಳಗೆ ಬರಲ್ಲ ಅಂದ್ರೆ ಬೇಡ ಕಣಕ್ಕ" ಎಂದಳು, ಸ್ಟೌ ನೋಡುತ್ತಲೇ. "ಅಡುಗೆಮನೇನೇ ಆಚೆಗೆ ತಂದಿದೀನಿ. ಈಗ ಹೇಳು, ಗಂಜಿಗೆ ಎಷ್ಟು ನೀರು?"

ನಾನು ಉಸಿರು ಬಿಗಿಹಿಡಿದೆ. ಕೆಮ್ಮು ಬರುತ್ತಿತ್ತು, ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡೆ.

ಅಷ್ಟರಲ್ಲಿ ಬೀದಿಯಲ್ಲಿ ಹಾಲು ತರಲು ಹೊರಟಿದ್ದ ಪಕ್ಕದ ಮನೆಯಾಕೆ ನಿಂತು, ಜಗುಲಿಯ ಮೇಲಿನ ಸಂಸಾರವನ್ನು ಕುತೂಹಲದಿಂದ ನೋಡಿ, "ಏನ್ ಕಮಲಮ್ಮ, ಬೀದಿಗೆ ಬಂದ್ಬಿಟ್ಟಿದೆಯಲ್ಲ ಅಡುಗೆ? ಒಳಗೆ ಏನಾದ್ರೂ ಗಲಾಟೇನಾ?" ಎಂದಳು.

ಚಿಕ್ಕಕ್ಕನ ಕೈ ಕಡ್ಡಿಪೆಟ್ಟಿಗೆಯ ಮೇಲೆ ನಿಂತುಹೋಯಿತು. ಅವಳ ಮುಖ ಸಣ್ಣದಾದುದು ಕಿಟಕಿಯಿಂದಲೇ ಕಂಡಿತು.

"ಗಲಾಟೆ ಯಾಕಮ್ಮ? ಗ್ಯಾಸ್ ಮುಗ್ದೋಗೈತೆ" ಎಂದಳು ದೊಡ್ಡಕ್ಕ, ತಲೆಯ ಸೆರಗನ್ನು ಸರಿಪಡಿಸಿಕೊಂಡು. "ಒಳಗೆ ಸ್ಟೌ ಹಚ್ಚಿದ್ರೆ ಹೊಸ ಮನೆ ಗೋಡೆ ಮಸಿ ಆಯ್ತದೆ ಅಂತ ನಾನೇ ಆಚೆಗೆ ತರ್ಸಿದ್ದು. ನಾನು ಇವಳ ಅಕ್ಕ, ತುಮಕೂರಿಂದ ಬಂದಿವ್ನಿ."

"ಓ, ಅಕ್ಕಾನಾ? ನೋಡೇ ಇರ್ಲಿಲ್ಲ ನಿಮ್ಮನ್ನ."

"ಪುರುಸೊತ್ತಿರ್ಲಿಲ್ಲ. ಈಗ ಇರ್ತೀನಲ್ಲ, ನೋಡಿ."

ಆಕೆ ಹೋದಳು. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಯಾರು ನಕ್ಕರೋ ನನಗೆ ತಿಳಿಯಲಿಲ್ಲ. ಮರುಕ್ಷಣ ಅದು ನಗುವೋ ಅಳುವೋ ಎಂಬುದೂ ತಿಳಿಯಲಿಲ್ಲ.

"ಆವತ್ತು ಬೆಳಗ್ಗಿಂದ್ಲೂ ಹೆದರ್ಕೊಂಡೇ ಇದ್ದೆ ಅಕ್ಕ" ಎಂದಳು ಚಿಕ್ಕಕ್ಕ. "ಅತ್ತೆ ಒಂದು ಕಡೆಯಿಂದ ತಪ್ಪು ಹುಡುಕ್ತಿದ್ರು. ನೀನಾದ್ರೂ ಚೆನ್ನಾಗಿದೆ ಅಂತೀಯ ಅಂತ ಕಾಯ್ತಿದ್ದೆ."

ದೊಡ್ಡಕ್ಕ ಅಕ್ಕಿನುಚ್ಚನ್ನು ಪಾತ್ರೆಗೆ ಸುರಿದಳು. ಆಮೇಲೆ, "ಚೆನ್ನಾಗೇ ಇತ್ತಲ್ಲೇ" ಎಂದಳು. "ಚೆನ್ನಾಗಿದ್ದಿದ್ಕೇ ಹಂಗೆ ಒಂದೊಂದೂ ನೋಡಿದ್ದು. ಏಳು, ಗಾಳಿಗೆ ಹತ್ತಾಕಿಲ್ಲ ಇದು."

ಗಂಜಿಯ ಪಾತ್ರೆಯನ್ನು ಎತ್ತಿಕೊಂಡು ಅವಳೇ ಮುಂದಾಗಿ ಒಳಗೆ ನಡೆದಳು. ಒಲೆಕಟ್ಟೆ ಎತ್ತರವೆಂದು ಅವಳು ಆ ಸಂಜೆ ಮತ್ತೊಮ್ಮೆ ಹೇಳಿದ್ದನ್ನೂ, ಎತ್ತರವೇ ಹೌದೆಂದು ಚಿಕ್ಕಕ್ಕ ಒಪ್ಪಿಕೊಂಡಿದ್ದನ್ನೂ ನಾನು ಕಿವಿಯಾರೆ ಕೇಳಿದೆ. ರಾತ್ರಿ ಊಟಕ್ಕೆ ಇಬ್ಬರೂ ಒಟ್ಟಿಗೆ ಕುಳಿತರು. ಆ ಗದ್ದಲದಲ್ಲಿ ನನ್ನ ಗಂಜಿಗೆ ಉಪ್ಪು ಹಾಕುವುದನ್ನು ಇಬ್ಬರೂ ಮರೆತಿದ್ದರು. ಕೇಳಿದರೆ ಅದರಿಂದ ಯಾರ ತಪ್ಪು ಎಂಬ ಪ್ರಶ್ನೆ ಹುಟ್ಟೀತೆಂದು ಹೆದರಿ, ಸಪ್ಪೆ ಗಂಜಿಯನ್ನೇ ಅಮೃತವೆಂದು ಕುಡಿದೆ.

ಮರುದಿನ ಜ್ವರ ಇಳಿದಿತ್ತು; ಎದ್ದು ಓಡಾಡುವ ಶಕ್ತಿ ಮಾತ್ರ ಇರಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗ ಮೂವರು ಹೆಂಗಸರೂ ಸೀರೆ ಬದಲಿಸಿ, ಚಿತ್ರಾನ್ನ ಕಟ್ಟಿಕೊಂಡು, ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

"ಎಲ್ಲಿಗೆ?" ಎಂದೆ.

"ಡ್ಯಾಮಿಗೆ" ಎಂದಳು ಸುಮಿತ್ರ. "ಬಂಗಲೆ ರೂಮು ಯಾಕೆ ಸುಮ್ನೆ ಖಾಲಿ ಬಿಡೋದು?"

"ಮತ್ತೆ ನಾನು?"

"ನಿಂಗೆ ಗಂಜಿ ಐತೆ" ಎಂದಳು ದೊಡ್ಡಕ್ಕ. "ಭಾವ ಇರ್ತಾರೆ. ಮಲಗು."

ಹೀಗೆ ನಾನು ಯೋಜಿಸಿದ ಪ್ರವಾಸ ನನ್ನನ್ನು ಬಿಟ್ಟು ಹೊರಟಿತು. ಭಾವನೂ ನಾನೂ ಜಗುಲಿಯ ಮೇಲೆ ಕುಳಿತು ದಿನ ಕಳೆದೆವು. ಮಧ್ಯಾಹ್ನ ಅವರೊಮ್ಮೆ, "ಇಷ್ಟು ವರ್ಷ ಅವ್ಳು ಹಬ್ಬದ ದಿನ ಹೋಳಿಗೆ ತಟ್ತಾ ಅಳೋಳು, ಗೊತ್ತಾ ನಿಮಗೆ?" ಎಂದರು. ನನಗೆ ಗೊತ್ತಿರಲಿಲ್ಲ. ಪುಸ್ತಕ ತೆರೆದೆ, ಒಂದು ಪುಟವೂ ಮುಂದೆ ಸಾಗಲಿಲ್ಲ.

ಅವರು ಆ ರಾತ್ರಿ ಬಂಗಲೆಯಲ್ಲೇ ಉಳಿದು ಮಾರನೆಯ ದಿನ ಬಂದರು. ಡ್ಯಾಮು ಹೇಗಿತ್ತೆಂದು ಕೇಳಿದೆ. ದೊಡ್ಡಕ್ಕ ಚಿಕ್ಕಕ್ಕನ ಮುಖ ನೋಡಿದಳು, ಚಿಕ್ಕಕ್ಕ ದೊಡ್ಡಕ್ಕನ ಮುಖ. "ನೀರಿತ್ತು" ಎಂದಳು ಒಬ್ಬಳು. ಸುಮಿತ್ರ ಬಿದ್ದು ಬಿದ್ದು ನಕ್ಕಳು. ಆಮೇಲೆ ತಿಳಿಯಿತು: ಇಬ್ಬರೂ ಏರಿಯ ಮೇಲೆ ನೀರಿಗೆ ಬೆನ್ನು ಹಾಕಿ ಕುಳಿತು ಸಂಜೆಯ ತನಕ ಮಾತಾಡಿದ್ದರಂತೆ. ಅಷ್ಟು ದೊಡ್ಡ ಜಲಾಶಯವನ್ನು ನೋಡಿದವಳು ಸುಮಿತ್ರ ಒಬ್ಬಳೇ.

ಸಂಜೆಯ ಬಸ್ಸಿಗೆ ನಾವಿಬ್ಬರೇ ಹೊರಟೆವು. ದೊಡ್ಡಕ್ಕ, "ನೀವ್ ನಡೀರಿ, ನಾನು ಸೋಮವಾರ ಬರ್ತೀನಿ" ಎಂದಳು. ಯಾವ ಸೋಮವಾರವೆಂದು ಹೇಳಲಿಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲದ ಹೊತ್ತಿಗೂ ಅವಳು ಬಂದಿರಲಿಲ್ಲ. ತುಮಕೂರಿನ ಅಂಗಡಿಯವರು ಹಪ್ಪಳಕ್ಕಾಗಿ ನಮ್ಮ ಮನೆಯ ಬಾಗಿಲು ಬಡಿಯತೊಡಗಿದರು. ಕೊನೆಗೆ ನಾನೇ ಕುಣಿಗಲ್ಲಿಗೆ ಫೋನು ಮಾಡಿ, ಯಾವಾಗ ಬರ್ತೀಯ ಎಂದು ಕೇಳಿದೆ. ಒಂದೇ ರಿಸೀವರನ್ನು ಇಬ್ಬರೂ ಹಿಡಿದುಕೊಂಡಿದ್ದರೆಂದು ಕಾಣುತ್ತದೆ. ಒಬ್ಬಳು ಕಳಿಸಲ್ಲ ಎನ್ನುತ್ತಿದ್ದಳು, ಇನ್ನೊಬ್ಬಳು ಬರ್ತೀನಿ ಎನ್ನುತ್ತಿದ್ದಳು, ನಡುವೆ ಯಾರೋ ಯಾರ ಕೈಯನ್ನೋ ಸರಿಸಿದರು, ಇಬ್ಬರೂ ನಕ್ಕರು, ಇಬ್ಬರೂ ಒಟ್ಟಿಗೆ ಏನೋ ಹೇಳತೊಡಗಿದರು. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಹೂಂ ಹೂಂ ಎನ್ನುತ್ತಾ ಬಹಳ ಹೊತ್ತು ಕೇಳಿಸಿಕೊಂಡೆ.